ಬೋಗುಣಿಯಲ್ಲಿ ಪಿರೋಷ್ಕಾಳ ಗೋಧಿ

ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಿವಿಗೊಡಿರಿ. ಇದು ಸಾಧ್ವಿಯೊಬ್ಬಳ ಚರಿತ್ರೆಯಲ್ಲ. ನಮ್ಮ ನಾದ್‌ಫೋ ಊರಿನಲ್ಲಿ ಸಾಧ್ವಿಯರು ಎಂದೂ ಹೆಚ್ಚಿರಲಿಲ್ಲ. ಇದ್ದ ಒಬ್ಬಿಬ್ಬರೂ ಮದುವೆಯಾಗಿ ಬೇರೆ ಊರು ಸೇರಿದರು. ಇದು ಗುಲಾಚಿ ಪಿರೋಷ್ಕಾ ಎಂಬ ಸಿಡುಕು ಹೆಂಗಸಿನ ಕಥೆ. ದೇವರು ಕೆಲವರಿಗೆ ನೋವನ್ನು ಕೊಟ್ಟು ಪರೀಕ್ಷಿಸುತ್ತಾನೆ, ಕೆಲವರಿಗೆ ಸುಖವನ್ನು ಕೊಟ್ಟು ಪರೀಕ್ಷಿಸುತ್ತಾನೆ. ಪಿರೋಷ್ಕಾಳಿಗೆ ಕೊಟ್ಟದ್ದು ಕೋಪವನ್ನು. ಜೊತೆಗೆ ಅದಕ್ಕೆ ತಕ್ಕ ಗಂಟಲನ್ನು.

ಆ ಗಂಟಲು ರೈಲ್ವೆ ಗೇಟಿನಲ್ಲಿ ಹದಗೊಂಡದ್ದು. ಊರಾಚೆಯ ಗೇಟನ್ನು ಅವಳು ಹರೆಯದಿಂದ ನರೆಗೂದಲಿನವರೆಗೆ ಕಾಯ್ದಳು. ಗೇಟಿನಡಿ ನುಸುಳುವ ಸೈಕಲ್ಲಿನವರನ್ನೂ, ಕುಡಿದು ಟ್ರ್ಯಾಕ್ಟರ್ ನುಗ್ಗಿಸುವವರನ್ನೂ ಅವಳು ಬೈದದ್ದು ರೈಲಿನ ಸದ್ದನ್ನು ಮೀರಿ ಸಂತೆಯವರೆಗೆ ಕೇಳಿಸುತ್ತಿತ್ತು. ಒಮ್ಮೆ ಬಿಷಪ್ಪರ ಕಾರಿನ ಚಾಲಕ ಗೇಟಿನ ಮುಂದೆ ಹಾರ್ನ್ ಬಾರಿಸಿದನಂತೆ. ಪಿರೋಷ್ಕಾ ಕಿಟಕಿಯಿಂದ ತಲೆ ಹೊರಹಾಕಿ, “ಅವರಿಗೆ ಸ್ವರ್ಗಕ್ಕೆ ಹೋಗೋ ಅವಸರ ಇದ್ರೆ ಈಗ್ಲೇ ಎತ್ತೇನಪ್ಪ. ಊಟದ ಅವಸರ ಆದ್ರೆ ಕೂತಿರ್ಲಿ” ಎಂದಳು. ಬಿಷಪ್ಪರು ಕೂತಿದ್ದರು. ರೈಲು ಹೋಯಿತು. ಅವಳ ಗೇಟಿನಲ್ಲಿ ಒಂದು ಜೀವವೂ ಹೋಗಲಿಲ್ಲ. ಅವಳ ಕೋಪಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಗೇಟು ತಾನೇ ಏಳುವ, ತಾನೇ ಇಳಿಯುವ ಕಾಲ ಬಂದಾಗ ಅವಳಿಗೆ ಬೈಯಲು ಯಾರೂ ಉಳಿಯಲಿಲ್ಲ. ಗಂಡ ಲಾಯೋಶ್ ತೀರಿಕೊಂಡಿದ್ದ. ನಮ್ಮ ಸಭೆಯ ಪಾದ್ರಿಗಳು ಆಗ ಅವಳ ಬಾಗಿಲಿಗೆ ಬಂದು, ಇಗರ್ಜಿಯ ಪುಟಾಣಿ ಸ್ಕೌಟ್ ಮಕ್ಕಳನ್ನು ನೋಡಿಕೊಳ್ಳುವವರಿಲ್ಲವೆಂದರು. ಏಳರಿಂದ ಹತ್ತು ವರ್ಷದ ಮಕ್ಕಳು. ಅವಳು ಸ್ಕೌಟ್ ನಾಯಕಿಯ ಹಸಿರು ಸ್ಕಾರ್ಫನ್ನು ಕೊರಳಿಗೆ ಕಟ್ಟಿಕೊಂಡಳು. ಅಂದಿನಿಂದ ಅವಳ ಹೃದಯಕ್ಕೆ ಆ ಸ್ಕಾರ್ಫಿಗಿಂತ ಹತ್ತಿರದ ವಸ್ತು ಬೇರೊಂದಿರಲಿಲ್ಲ. ಮಕ್ಕಳ ಮೇಲೆ ಅವಳು ಎಂದೂ ಕೂಗಾಡಲಿಲ್ಲ. ಕೂಗಾಟವೆಲ್ಲ ಮಕ್ಕಳ ತಂದೆಯರಿಗೆ ಮೀಸಲಾಗಿತ್ತು.

ಶಾಲೆ ಮುಚ್ಚಿದ ಮೊದಲ ಶನಿವಾರ ಅವಳು ನಡೆಸುವ ಗಾಳದ ಪಂದ್ಯವನ್ನು ನೀವು ನೋಡಬೇಕಿತ್ತು. ತಿಸಾ ನದಿ ಹಿಂದೆಂದೋ ದಾರಿ ಬದಲಿಸಿ ಬಿಟ್ಟುಹೋದ ಕುದುರೆಲಾಳದಂತೆ ಬಾಗಿದ ನಿಂತ ನೀರಿಗೆ ನಮ್ಮವರು ಸತ್ತ ತಿಸಾ ಎನ್ನುತ್ತಾರೆ. ಅದರ ದಡದಲ್ಲಿ ಲಾಯೋಶ್ ಬದುಕಿದ್ದಾಗ ಮಣ್ಣು ಕಡಿದು ಮಾಡಿದ ಕೂರುವ ಜಾಗಗಳಿವೆ. ಅವಳ ಕಟ್ಟಳೆ ಸರಳ. ಪಂದ್ಯದ ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಗಳ ಹ್ಯಾಟಿನಿಂದ ಮಕ್ಕಳು ಚೀಟಿ ಎತ್ತಬೇಕು. ತನಗೆ ಬಂದ ಜಾಗದ ಜೊಂಡನ್ನು ಆ ವಾರ ತಾನೇ ಕಡಿದು ಚೊಕ್ಕ ಮಾಡಿಕೊಳ್ಳಬೇಕು. ಪಂದ್ಯದ ದಿನ ದೊಡ್ಡವರು ಸುಣ್ಣದ ಗೆರೆಯ ಹಿಂದೆ ನಿಲ್ಲಬೇಕು. ಸೀಟಿ ಊದುವ ಮೊದಲು ಯಾರೂ ನೀರಿಗೆ ಒಂದು ಕಾಳು ಮೇವನ್ನೂ ಎಸೆಯಬಾರದು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡಬೇಕು.

ಮಕ್ಕಳು ಈ ಕಟ್ಟಳೆಯನ್ನು ಎಂದೂ ಮುರಿಯಲಿಲ್ಲ. ಮುರಿದವರು ಯಾರೆಂದು ಬೇರೆ ಹೇಳಬೇಕೆ? ಹಿಂದಿನ ವರ್ಷ ಬೇಕರಿಯ ವ್ಯಾನ್ ಓಡಿಸುವ ದೆಜೋ ಗೆರೆ ದಾಟಿ ಹೋಗಿ, ಮಗ ಶಾಮುವಿನ ಕೈಯಿಂದ ಗಾಳದ ಕೋಲನ್ನು ಕಿತ್ತುಕೊಂಡು ಮೀನನ್ನು ತಾನೇ ಎಳೆದ. ಎಳೆದು, ಮಗನ ಕೈಗೆ ಕೊಟ್ಟು, ಚಿತ್ರ ತೆಗೆಯಲು ನಿಲ್ಲಿಸಿದ. ಮಗುವಿನ ಕೈಯಿಂದ ಅದರ ಸಂತೋಷವನ್ನು ಕಿತ್ತುಕೊಂಡು, ಆಮೇಲೆ ಅದನ್ನೇ ಉಡುಗೊರೆಯೆಂಬಂತೆ ಹಿಂದಿರುಗಿಸುವ ಕೈಗಳ ಬಗ್ಗೆ ದೇವರು ಏನೆನ್ನುವನೋ. ಪಿರೋಷ್ಕಾ ಅಂದದ್ದು ಮಾತ್ರ ಎದುರು ದಡದ ಹಸುಗಳಿಗೂ ಕೇಳಿಸಿತು. ಅದು ಸಾಲದೆಂಬಂತೆ, ಕೋಲನ್ನು ಕಸಿದು ಸತ್ತ ತಿಸಾದ ನಡುವಿಗೆ ಎಸೆದಳು.

ದೂರು ಹೋಯಿತು. ಸಭೆಯ ಮುಖ್ಯ ಹಿರಿಯರಾದ ಗೆದೆಯೋನರು ಅವಳನ್ನು ಕರೆಸಿದರು. ಎತ್ತರದ ಆಳು, ಇಸ್ತ್ರಿಯ ಅಂಗಿ, ತೂಕದ ಮಾತು. ಅವರ ಮೊಮ್ಮಗಳು ಲಿದಿ ಕೂಡ ಪಿರೋಷ್ಕಾಳ ಗುಂಪಿನವಳೇ.

“ನೋಡು ಪಿರೋಷ್ಕಾ, ಸಭೆ ಒಂದು ತೀರ್ಮಾನ ಮಾಡಿದೆ. ಇನ್ನೊಂದ್ಸಲ ತಂದೆತಾಯಿಗಳ ಮೇಲೆ ದನಿ ಎತ್ತಿದ್ರೆ ಸ್ಕಾರ್ಫು ಬಿಚ್ಚಿಡಬೇಕು. ಮಕ್ಕಳನ್ನ ಪಾದ್ರಿಗಳ ಹೆಂಡತಿ ನೋಡ್ಕೋತಾರೆ.”

“ಆಯಮ್ಮಂಗೆ ಎರೆಹುಳಕ್ಕೂ ಶಾವಿಗೆಗೂ ವ್ಯತ್ಯಾಸ ಗೊತ್ತಿಲ್ಲ, ಗೆದೆಯೋನಣ್ಣ.”

“ಅವರು ಕೂಗಲ್ಲ.”

ಪಿರೋಷ್ಕಾ ಮನೆಗೆ ಬಂದು ಬಾಗಿಲು ಹಾಕಿ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೊಳೆದಳು, ತೊಳೆದಿದ್ದವನ್ನೂ ತೊಳೆದಳು. ಆ ವರ್ಷ ಪೂರ್ತಿ ಕೋಪ ಬಂದಾಗಲೆಲ್ಲ ಅವಳು ಒಣ ಪ್ಲಮ್ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು ಅದರ ಬೀಜವನ್ನು ಚೀಪುತ್ತಿದ್ದಳು. ಬಾಯಲ್ಲಿ ಬೀಜವಿದ್ದರೆ ಕೂಗುವಂತಿಲ್ಲ.

ಮತ್ತೆ ಜೂನ್ ಬಂತು. ಚೀಟಿಯ ಭಾನುವಾರ ಶಾಮುವಿಗೆ ತಗ್ಗುದಡದ ಒಳ್ಳೆಯ ಜಾಗ ಬಂತು, ಲಿದಿಗೆ ಜೊಂಡಿನ ಅಂಚು ಬಂತು. ಕೊನೆಗೆ ಕೈಹಾಕಿದವಳು ಆಗೋತಾ. ತಂದೆಯಿಲ್ಲದ, ಮಾತು ಕಡಿಮೆಯ ಹುಡುಗಿ; ತಾಯಿ ಮಾರ್ಗಿತ್ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು. ಆಗೋತಾಳಿಗೆ ಬಿದ್ದದ್ದು ಮುರಿದ ವಿಲ್ಲೋ ಮರದ ಬುಡ. ಅಲ್ಲಿ ನೀರು ಕೊಂಬೆಗಳಿಂದ ತುಂಬಿತ್ತು. ಅಲ್ಲಿ ಕೂತ ಯಾವ ಮಗುವೂ ಮೀನು ಹಿಡಿದದ್ದಿಲ್ಲ.

ದೆಜೋ ನಕ್ಕ. “ಹೋಗ್ಲಿ ಬಿಡು ಮಗಳೇ, ನೆರಳಾದ್ರೂ ಐತೆ.”

ಪಿರೋಷ್ಕಾಳ ನಾಲಿಗೆಯ ಮೇಲೆ ಬೀಜ ಗಿರಗಿರನೆ ತಿರುಗಿತು.

ಇಲ್ಲಿಂದ ಮುಂದಿನದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಪ್ರಿಯರೇ. ಬುಧವಾರ ಸಂಜೆ ಅವಳು ಒಂದು ಬಕೆಟ್ ಗೋಧಿಯನ್ನು ಶಾಜೀರಿಗೆ ಹಾಕಿ ಹದವಾಗಿ ಬೇಯಿಸಿದಳು. ಲಾಯೋಶ್ ಕಲಿಸಿಕೊಟ್ಟ ಪಾಕವದು. ಕೆಲವು ದಿನ ಮೊದಲೇ ಆ ಗೋಧಿಯನ್ನು ಎಸೆದರೆ ಗೆಂಡೆ ಮೀನು ಎಲ್ಲಿದ್ದರೂ ಆ ಜಾಗಕ್ಕೆ ಬಂದು ನೆಲೆಸುತ್ತದೆ. ಬಕೆಟ್ ಹಿಡಿದು ವಿಲ್ಲೋ ಬುಡಕ್ಕೆ ಹೋಗಿ ಹಿಡಿಹಿಡಿಯಾಗಿ ಎಸೆದಳು. “ಇದು ಮೇವಲ್ಲ ಸ್ವಾಮಿ, ನ್ಯಾಯ” ಎಂದು ದೇವರಿಗೆ ಗಟ್ಟಿಯಾಗಿಯೇ ಹೇಳಿದಳು. ಮರಳುವಾಗ ಶಾಮುವಿನ ಜಾಗದ ಹುಲ್ಲು ಯಾರೋ ಹೊಸದಾಗಿ ತುಳಿದಂತೆ ಕಂಡಿತು. ಬೆಳ್ಳುಳ್ಳಿಯ ವಾಸನೆ ಹೊಡೆಯಿತು. ದೆಜೋ ಬೆಳ್ಳುಳ್ಳಿ ಹಾಕಿ ಮೆಕ್ಕೆಜೋಳ ಬೇಯಿಸುತ್ತಾನೆಂಬುದು ಊರಿಗೇ ಗೊತ್ತು.

“ಕಳ್ಳ” ಎಂದು ಅವಳು ಹಲ್ಲು ಕಡಿದಳು. “ಮಕ್ಕಳ ಆಟದಲ್ಲೂ ಕಳ್ಳತನ.” ಖಾಲಿ ಬಕೆಟ್ ಅವಳ ಕೈಯಲ್ಲೇ ತೂಗಾಡುತ್ತಿತ್ತು, ಅದರ ಕಡೆ ಅವಳ ಕಣ್ಣು ಹೋಗಲಿಲ್ಲ. ಮರುದಿನ ಸಂಜೆ ಮತ್ತೊಂದು ಬಕೆಟ್ ಹೊತ್ತುಕೊಂಡು ಹೋದಳು, ಈ ಸಲ ಹೆಚ್ಚು ಸಿಟ್ಟಿನಿಂದ.

ಶನಿವಾರ ಬೆಳಗ್ಗೆ ಪಾದ್ರಿಗಳು ಪ್ರಾರ್ಥಿಸಿದರು. ಅಜ್ಜಿಯರು ಮೂರುಕಾಲಿನ ಚೌಕಟ್ಟಿಗೆ ಕಡಾಯಿ ತೂಗುಹಾಕಿ, ಸಂತೆಯಿಂದ ತಂದ ಮೀನಿನ ಕೆಂಪು ಮೆಣಸಿನ ಸಾರಿಗೆ ಈರುಳ್ಳಿ ಹೆಚ್ಚತೊಡಗಿದರು. ಮಕ್ಕಳು ಒಬ್ಬರಿಗೊಬ್ಬರು “ಕೋಲು ಬಾಗಲಿ” ಎಂದು ಗಾಳ ಹಿಡಿಯುವವರ ಹಾರೈಕೆ ಹೇಳಿ ತಂತಮ್ಮ ಜಾಗದಲ್ಲಿ ಕೂತರು. ಪಿರೋಷ್ಕಾ ಸೀಟಿ ಊದಿ, ತಕ್ಷಣ ಪ್ಲಮ್ ಹಣ್ಣನ್ನು ಬಾಯಿಗೆ ತುರುಕಿಕೊಂಡಳು. ಗೆದೆಯೋನರು ಮಡಿಸುವ ಕುರ್ಚಿಯಲ್ಲಿ ಕೂತು, ನೀರಿಗಿಂತ ಹೆಚ್ಚಾಗಿ ಅವಳನ್ನೇ ನೋಡುತ್ತಿದ್ದರು.

ಗಾಳದ ದಾರದ ಬೆಂಡುಗಳು ನೀರಿನ ಮೇಲೆ ನಿಂತವು. ನಿಂತೇ ಇದ್ದವು. ಬಿಸಿಲೇರಿತು. ನಡುನೀರಿನಲ್ಲಿ ಕೊಬ್ಬಿದ ಗೆಂಡೆಯೊಂದು ಮೇಲೆ ಜಿಗಿದು, ಹೊಟ್ಟೆ ತೋರಿಸಿ, ದಪ್ಪನೆ ಬಿದ್ದು ಮುಳುಗಿತು. ಅದು ಅಣಕಿಸಿದಂತಿತ್ತು. ಒಂದು ಮಗುವಿನ ಗಾಳವನ್ನೂ ಒಂದು ಮೀನೂ ಮುಟ್ಟಲಿಲ್ಲ.

ಗೆರೆಯ ಹಿಂದೆ ತಂದೆಯರು ಕಾರಣ ಹುಡುಕತೊಡಗಿದರು.

“ಮೂಡಣ ಗಾಳಿ. ಇದ್ರಲ್ಲಿ ಮೀನು ಬಾಯೇ ತೆಗೆಯಲ್ಲ.”

“ಗಾಳಿ ಅಲ್ಲಪ್ಪ, ಚಂದ್ರ. ಹುಣ್ಣಿಮೆ ಹತ್ರ ಬಂತಲ್ಲ.”

“ಮೀನುಗಾರರ ಸಂಘದೋರು ಈ ಸಲ ಮರಿನೇ ಬಿಟ್ಟಿಲ್ಲ, ದುಡ್ಡು ತಿಂದು ಹಾಕಿದಾರೆ.”

ದೆಜೋ ಗೆರೆಯ ಮೇಲೆ ಒಂದು ಕಾಲಿಟ್ಟು ಮಗನಿಗೆ ಹೇಳಿಕೊಡುತ್ತಿದ್ದ. “ಕೋಲು ಹಿಡ್ಯೋದಾ ಅದು? ಪೊರಕೆ ಹಿಡ್ದಂಗೆ ಹಿಡ್ದಿದೀಯ. ಇಡೀ ಊರು ನೋಡ್ತೈತೆ.” ಶಾಮುವಿನ ಕಿವಿ ಕೆಂಪಾಯಿತು. ಪಿರೋಷ್ಕಾ ದೆಜೋನ ಮುಂದೆ ನಿಂತು, ತುಟಿ ಬಿಗಿದು, ಬೆರಳಿನಿಂದ ಗೆರೆಯನ್ನು ತೋರಿಸಿದಳು.

“ಏನತ್ತೆ, ಹಲ್ಲುನೋವಾ?” ಎಂದು ಅವನು ನಕ್ಕ.

ಕಡಾಯಿಯ ಬಳಿಯ ಅಜ್ಜಿಯೊಬ್ಬಳು, “ಇವತ್ತು ಬೈಗುಳ ದಾಟಲ್ಲ ಕಣಪ್ಪ, ಗೇಟು ಮುಚ್ಚೈತೆ” ಎಂದಳು. ಎಲ್ಲರೂ ನಕ್ಕರು. ಪಿರೋಷ್ಕಾಳ ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ಹಸಿರು ಸ್ಕಾರ್ಫಿನ ಗಂಟನ್ನು ಬೆರಳುಗಳಿಂದ ಹಿಡಿದುಕೊಂಡು ಅವಳು ತಿರುಗಿ ನಡೆದಳು. ಅವಳಿಗೆ ಅಂದು ಬೇಕಾಗಿದ್ದದ್ದು ಒಂದೇ: ಸಾರು ಬಡಿಸುವ ಹೊತ್ತಿನವರೆಗೆ ಆ ಗಂಟು ಕೊರಳಲ್ಲೇ ಉಳಿಯಬೇಕು.

ಕೊನೆಯ ಸೀಟಿಗೆ ಸ್ವಲ್ಪವೇ ಸಮಯ ಉಳಿದಿದ್ದಾಗ ವಿಲ್ಲೋ ಬುಡದಲ್ಲಿ ಬೆಂಡು ಓರೆಯಾಗಿ, ಸದ್ದಿಲ್ಲದೆ ಕೆಳಗೆ ಹೋಯಿತು. ಆಗೋತಾ ಎದ್ದು ನಿಂತಳು. ಕೂಗಲಿಲ್ಲ. ಕೋಲು ಬಾಗಿತು. ಮೀನು ಕೊಂಬೆಗಳ ಕಡೆ ನುಗ್ಗಿದಾಗ ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರವನ್ನು ಬಯಲು ನೀರಿಗೆ ತಿರುಗಿಸಿದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.  ಮಾರ್ಗಿತ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿಯ ಮೊಣಕಾಲು ಕೆಸರಿನಲ್ಲಿ ಹೂತವು, ತುಟಿ ಕಚ್ಚಿ ಹಿಡಿದಳು, ಕೊನೆಗೆ ತಾನೇ ಬಲೆಚೀಲವನ್ನು ನೀರಿಗಿಳಿಸಿ ತನ್ನ ತೋಳಿನುದ್ದದ ಗೆಂಡೆಯನ್ನು ಎತ್ತಿ ಹಿಡಿದಳು.

ಮೀನನ್ನು ತೂಗುವ ಮೇಜಿಗೆ ತಂದರು. ತಕ್ಕಡಿಯ ಮೇಲೆ ಬಿಳಿಯ ದೊಡ್ಡ ಬೋಗುಣಿ, ಅದರಲ್ಲಿ ಮೀನು. ಎಲ್ಲರೂ ಸುತ್ತ ಮುತ್ತಿಕೊಂಡರು. ಆಗ ಆ ಗೆಂಡೆ ಎರಡು ಸಲ ಬಾಯಿ ತೆರೆದು, ಹೊಟ್ಟೆಯಲ್ಲಿದ್ದುದನ್ನೆಲ್ಲ ಬೋಗುಣಿಗೆ ಕಾರಿಬಿಟ್ಟಿತು. ಮೊದಲು ಹಳದಿ ಮೆಕ್ಕೆಜೋಳ ಬಂತು. ಬೆಳ್ಳುಳ್ಳಿಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆ ಕೆಂಪು ಬಣ್ಣ ಕಟ್ಟಿದ ಜೋಳ ಬಂತು. ಅಂಗಡಿಯ ಮೀನುಮೇವಿಗೆ ಬೆರೆಸುವ ಸ್ಟ್ರಾಬೆರಿಯ ಸಿಹಿ ವಾಸನೆ. ಇನ್ನಾರದೋ ಬ್ರೆಡ್ಡಿನ ಉಂಡೆ, ಇನ್ನಾರದೋ ಬಟಾಣಿ. ಎಲ್ಲಕ್ಕಿಂತ ಹೆಚ್ಚಾಗಿ ಬೆಂದು ಬಿರಿದ ಗೋಧಿ, ಅದಕ್ಕೆ ಅಂಟಿಕೊಂಡ ಶಾಜೀರಿಗೆ.

 ಪ್ರತಿಯೊಬ್ಬ ತಂದೆಯೂ ಬೋಗುಣಿಯಲ್ಲಿ ತನ್ನದನ್ನು ಗುರುತಿಸಿ, ಕಣ್ಣು ಬೇರೆ ಕಡೆ ತಿರುಗಿಸಿದ. ಮೊದಲು ಬಾಯಿ ತೆರೆದವನು ದೆಜೋ. ತನ್ನದು ಬಯಲಾಗುವ ಮೊದಲು ಇನ್ನೊಬ್ಬರದನ್ನು ಬೆರಳಿಟ್ಟು ತೋರಿಸುವುದು ಮನುಷ್ಯನ ಹಳೆಯ ಚಾಳಿ.

“ನೋಡ್ರಪ್ಪ, ಗೋಧಿ. ವಿಲ್ಲೋ ಹತ್ರ ಯಾರೋ ಗೋಧಿ ಹಾಕಿದಾರೆ. ಈ ಹುಡುಗಿಗೆ ಮಾತ್ರ ಮೀನು ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ಲ. ಏನ್ ಮಾರ್ಗಿತ್, ಆಸ್ಪತ್ರೆ ಕೆಲ್ಸ ಬಿಟ್ಟು ಇದನ್ನೂ ಮಾಡ್ತೀಯಾ?”

ಮಾರ್ಗಿತಳ ಮುಖ ಬಿಳಿಚಿತು. “ನಾನು ಈ ವಾರ ದಡದ ಕಡೆನೇ ಬಂದಿಲ್ಲ” ಎಂದಳು. ಯಾರೂ ಅವಳ ಪರ ನಿಲ್ಲಲಿಲ್ಲ. ಗೆದೆಯೋನರು ಗಂಟಲು ಸರಿಮಾಡಿಕೊಂಡು, “ಕಟ್ಟಳೆ ಅಂದ್ರೆ ಕಟ್ಟಳೆ. ಈ ಮೀನು ಲೆಕ್ಕಕ್ಕಿಲ್ಲ ಅನ್ನಬೇಕಾಗುತ್ತೆ” ಎಂದರು.

ಪಿರೋಷ್ಕಾ ಬೀಜವನ್ನು ಉಗಿದಳು. ಅದು ಬೋಗುಣಿಯ ಅಂಚಿಗೆ ಟಣ್ಣೆಂದು ಬಡಿಯಿತು.

“ಗೋಧಿ ನಂದು.”

ಇದನ್ನು ಅವಳು ಮೆಲ್ಲಗೆ ಹೇಳಿದಳು. ಮುಂದಿನದು ಮೆಲ್ಲಗೆ ಬರಲಿಲ್ಲ.

“ನಾನೇ ಬೇಯ್ಸಿದ್ದು, ನಾನೇ ಎಸ್ದಿದ್ದು, ಎರಡು ಬಕೆಟ್ಟು. ಕಟ್ಟಳೆ ಮಾಡಿದೋಳೂ ನಾನೇ, ಮುರ್ದೋಳೂ ನಾನೇ. ಆ ಹೆಂಗ್ಸಿನ ತಂಟೆಗೆ ಹೋಗ್ಬೇಡಿ. ದೆಜೋ, ಬೆಳ್ಳುಳ್ಳಿ ನಿಂದು, ಮೂಗಿದ್ದೋರಿಗೆಲ್ಲ ಗೊತ್ತು. ಆ ಬಟಾಣಿ ಯಾರ್ದು, ಬ್ರೆಡ್ಡು ಯಾರ್ದು, ಬಾಯಿ ಬಿಡ್ರೋ. ಒಂದು ವಾರದಿಂದ ಈ ಮೀನುಗಳಿಗೆ ಮದುವೆ ಊಟ ಹಾಕಿದೀವಿ ನಾವೆಲ್ಲ ಸೇರ್ಕೊಂಡು. ಇವತ್ತು ಮಕ್ಕಳು ಒಂದು ಎರೆಹುಳ ತೋರಿಸಿದ್ರೆ ಅವು ಯಾಕ್ ತಿಂತಾವೆ? ಗಾಳಿಯಂತೆ, ಚಂದ್ರನಂತೆ. ನಾಚಿಕೆ ಆಗ್ಬೇಕು ನಿಮ್ಗೆ. ನಂಗೂ ಆಗ್ಬೇಕು, ಎಲ್ಲರಿಗಿಂತ ಹೆಚ್ಚು ಆಗ್ಬೇಕು.”

ಎದುರು ದಡದ ಹಸುಗಳು ತಲೆಯೆತ್ತಿದವು. ಪಿರೋಷ್ಕಾ ಹಸಿರು ಸ್ಕಾರ್ಫನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. “ದನಿ ಎತ್ತಿದೀನಿ ಗೆದೆಯೋನಣ್ಣ. ತಗೊಳ್ಳಿ.”

ಗೆದೆಯೋನರು ಕೈ ಚಾಚಿದರು. ಅಷ್ಟರಲ್ಲಿ ಲಿದಿ ಬೋಗುಣಿಯ ಮೇಲೆ ಬಗ್ಗಿ ಕೆಂಪು ಜೋಳವನ್ನು ಮೂಸಿ, “ತಾತಾ, ನಮ್ಮ ಕಾರಿನ ಡಿಕ್ಕೀಲಿ ಇದೇ ವಾಸನೆ ಅಲ್ವಾ?” ಎಂದಳು. ಚಾಚಿದ ಕೈ ಗಾಳಿಯಲ್ಲೇ ನಿಂತು, ಮೆಲ್ಲನೆ ಹಿಂದೆ ಸರಿಯಿತು.

ಆದರೆ ಪಿರೋಷ್ಕಾ ಅದನ್ನು ನೋಡಲಿಲ್ಲ. ಅವಳ ಮುಂದೆ ಆಗೋತಾ ನಿಂತಿದ್ದಳು. ಮೊಣಕಾಲಿನ ಕೆಸರು ಒಣಗಿರಲಿಲ್ಲ. ಆ ಮಗುವಿನ ಕಣ್ಣಿನಲ್ಲಿ ನೀರಿರಲಿಲ್ಲ, ಕೋಪವಿತ್ತು. ಪಿರೋಷ್ಕಾ ಆ ಕೋಪವನ್ನು ಚೆನ್ನಾಗಿ ಬಲ್ಲವಳು.

“ಅತ್ತೆ, ನನ್ ಕೈಲಿ ಆಗಲ್ಲ ಅಂದ್ಕೊಂಡ್ರಾ?”

ಪಿರೋಷ್ಕಾ ಒಂದು ಹೆಜ್ಜೆ ಹಿಂದೆ ಸರಿದಳು.  ಅದೇ ಹೊತ್ತಿಗೆ ಶಾಮು ತಂದೆಯ ಕಡೆ ತಿರುಗಿ, “ನೀನೂ ಹಂಗೇ ಅಂದ್ಕೊಂಡ್ಯಾ ಅಪ್ಪ?” ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. ದೆಜೋ ಮಗನ ಕೈ ಹಿಡಿದು ವ್ಯಾನಿನ ಕಡೆ ಎಳೆದ. ಹುಡುಗ ಕೈ ಬಿಡಿಸಿಕೊಂಡ. ತಂದೆ ಒಬ್ಬನೇ ಹೋದ.

ಆಗೋತಾ ಬೋಗುಣಿಯಿಂದ ಮೀನನ್ನು ಎದೆಗವಚಿ ಎತ್ತಿಕೊಂಡು, ಯಾರ ಸಹಾಯವನ್ನೂ ಕೇಳದೆ ನೀರಿಗೆ ಒಯ್ದು ಬಿಟ್ಟಳು. ಆ ವರ್ಷ ಬಹುಮಾನದ ಬಟ್ಟಲು ಯಾರಿಗೂ ಹೋಗಲಿಲ್ಲ. ಸಾರು ರುಚಿಯಾಗಿಯೇ ಇತ್ತು. ಉಂಡವರು ತಲೆತಗ್ಗಿಸಿ ಉಂಡರು.

ಮರುದಿನ ಆರಾಧನೆಯ ಕೊನೆಗೆ ಗೆದೆಯೋನರು ಎದ್ದು ನಿಂತರು. ಇಸ್ತ್ರಿಯ ಅಂಗಿಯ ಗುಂಡಿಯೊಂದು ತಪ್ಪು ಕಾಜಕ್ಕೆ ಹೋಗಿತ್ತು. “ಕೆಂಪು ಜೋಳ ನಂದು” ಎಂದರು. “ಕೂಗಬಾರ್ದು ಅಂತ ಆಯಮ್ಮಂಗೆ ಕಟ್ಟು ಹಾಕಿದ್ದೂ ನಾನೇ. ಮಾತು ವಾಪಸ್ ತಗೊಂಡಿದೀನಿ.” ಅಷ್ಟು ಹೇಳಿ ಕೂತರು. ಇಗರ್ಜಿಯ ಹಿಂದಿನ ಸಾಲಿನಿಂದ “ಬಟಾಣಿ ನಂದು” ಎಂಬ ದನಿ ಬಂತು, ಆಮೇಲೆ ಇನ್ನೊಂದು. ನಮ್ಮ ಸಭೆಯಲ್ಲಿ ಅಷ್ಟು ಒಳ್ಳೆಯ ಪ್ರಾರ್ಥನೆ ಅದಕ್ಕೂ ಮೊದಲು ನಡೆದದ್ದಿಲ್ಲ.

ಪಿರೋಷ್ಕಾ ಅಲ್ಲಿರಲಿಲ್ಲ. ಮಕ್ಕಳಿಗೆ ಮುಖ ತೋರಿಸಲಾರದೆ ಮನೆಯಲ್ಲಿ ಕೂತು, ತೊಳೆದ ಪಾತ್ರೆಗಳನ್ನು ಮತ್ತೆ ತೊಳೆಯುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಂಗಳದ ತುಂಬ ಮಕ್ಕಳು, ಶಾಮುವೂ ಇದ್ದ. ಮುಂದೆ ಆಗೋತಾ, ಕೈಯಲ್ಲಿ ಹಸಿರು ಸ್ಕಾರ್ಫು, ಮುಖದಲ್ಲಿ ಇನ್ನೂ ಆರದ ಸಿಟ್ಟು.

“ಬಗ್ಗಿ” ಎಂದಳು.

ಪಿರೋಷ್ಕಾ ಬಗ್ಗಿದಳು. ಸ್ಕಾರ್ಫು ಕೊರಳ ಸುತ್ತ ಬಂತು. ಗಂಟು ಜಾರುತ್ತಿದ್ದುದನ್ನು ಕಂಡು ಅವಳ ಕೈ ತಾನಾಗಿಯೇ ಮೇಲೆದ್ದಿತು.

“ಮುಟ್ಬೇಡಿ ಅತ್ತೆ. ನಂಗೆ ಬರುತ್ತೆ.”

ಆ ಕೈ ಕೆಳಗಿಳಿಯಿತು. ಹುಡುಗಿ ಎರಡು ಸಲ ತಪ್ಪಿ, ಮೂರನೆಯ ಸಲ ಬಿಗಿದಳು. ಸ್ವಲ್ಪ ಹೆಚ್ಚೇ ಬಿಗಿಯಾಯಿತು, ಪಿರೋಷ್ಕಾ ಸಡಿಲಿಸಿಕೊಳ್ಳಲಿಲ್ಲ.

ಈಗ ಚೀಟಿ ಎತ್ತುವುದು ಪಂದ್ಯದ ಬೆಳಗ್ಗೆಯೇ, ದಡದಲ್ಲೇ. ಸುಣ್ಣದ ಗೆರೆ ಇಲ್ಲ. ದೊಡ್ಡವರೆಲ್ಲ ಎದುರು ದಡದಲ್ಲಿ ಹಸುಗಳ ಜೊತೆ ನಿಲ್ಲಬೇಕು, ಪಿರೋಷ್ಕಾ ಕೂಡ. ಅಲ್ಲಿಂದ ಅವಳು ತಂದೆಯರನ್ನು ಬೈಯುವುದು ಈ ದಡಕ್ಕೆ ಚೆನ್ನಾಗಿ ಕೇಳಿಸುತ್ತದೆ, ಮಕ್ಕಳು ಬೆಂಡಿನ ಮೇಲೆ ಕಣ್ಣಿಟ್ಟು ನಗುತ್ತಾರೆ. ದೆಜೋ ಅವಳನ್ನು ಇಂದಿಗೂ ಮಾತಾಡಿಸುವುದಿಲ್ಲ. ಅವಳಿಗೂ ಅವನ ಮೇಲಿನ ಕೋಪ ಇಳಿದಿಲ್ಲ. ಇಳಿಸೆಂದು ದೇವರನ್ನು ಕೇಳಿಕೊಳ್ಳುತ್ತಾಳೆ, ಅಷ್ಟೇನೂ ಒತ್ತಾಯದಿಂದಲ್ಲ.

ಪ್ರಿಯರೇ, ನಿಮ್ಮ ಊರಿನಲ್ಲೂ ಮಕ್ಕಳ ಆಟಗಳಿವೆ, ಅವುಗಳ ಪಕ್ಕದಲ್ಲಿ ದೊಡ್ಡವರೂ ಇದ್ದಾರೆ. ಅನ್ಯಾಯ ಕಂಡರೆ ಕೋಪಿಸಿಕೊಳ್ಳಿರಿ, ಗಂಟಲಿದ್ದಷ್ಟೂ ಕೂಗಿರಿ. ಆದರೆ ಅದಕ್ಕೂ ಮೊದಲು ಬೋಗುಣಿಯೊಳಗೆ ಬಗ್ಗಿ ನೋಡಿ, ನಿಮ್ಮ ಕಾಳನ್ನು ಹೆಕ್ಕಿ ನಾಲ್ಕು ಜನರ ಎದುರು ಎತ್ತಿ ಹಿಡಿಯಿರಿ. ಆಮೇಲೆ ಎದುರು ದಡಕ್ಕೆ ಹೋಗಿ ನಿಲ್ಲಿರಿ. ಮಗು ತನ್ನ ಗಂಟನ್ನು ತಾನೇ ಹಾಕಿಕೊಳ್ಳಲಿ.